ಕಣದ ಧೂಳು, ಕಾಣದ ಧೂಳು

ಕನ್ನಡದಲ್ಲಿ ‘ಕಣ’ ಅಂದರೆ ಎರಡು ಅರ್ಥ. ಒಂದು, ಕಾಫಿ ಒಣಗಿಸುವ ಅಂಗಳ. ಇನ್ನೊಂದು, ಧೂಳಿನ ಒಂದು ಚೂರು. ನಮ್ಮ ಸೋಮವಾರಪೇಟೆ ಕಡೆ ಜನವರಿಯಲ್ಲಿ ಈ ಎರಡೂ ಒಂದೇ ಜಾಗದಲ್ಲಿ ಸಿಗುತ್ತವೆ. ಬೆಳಿಗ್ಗೆ ಟಾರ್ಪಾಲು ಸರಿಸಿ, ಒಣಗುತ್ತಿರುವ ಕಾಫಿಗೆ ಕೈಯಾಡಿಸಿದರೆ ಸಾಕು, ಮೊಣಕಾಲೆತ್ತರಕ್ಕೆ ಧೂಳು ಏಳುತ್ತದೆ. ಅಪ್ಪ ಕಣಕ್ಕೆ ಇಳಿದರೆ ಹತ್ತು ಸೀನು ಖಂಡಿತ. ಅವರು ಟವೆಲ್ ಮೂಗಿಗೆ ಕಟ್ಟಿಕೊಂಡು, ಧೂಳಿಗೆ ಬಯ್ದುಕೊಂಡೇ ಮೂವತ್ತು ವರ್ಷ ಕಾಫಿ ಒಣಗಿಸಿದ್ದಾರೆ.

ಅಜ್ಜಿ ಕಣದ ಹತ್ತಿರವೂ ಬರುತ್ತಿರಲಿಲ್ಲ. ಅವರ ರಾಜ್ಯ ಅಡುಗೆಮನೆ. ಸೌದೆ ಒಲೆ, ಅದರ ಮೇಲೆ ಮಸಿ ಹಿಡಿದ ಅಟ್ಟ. ಅಟ್ಟದ ಮೇಲೆ ಬಿತ್ತನೆ ಬೀಜ, ಮಳೆಗಾಲಕ್ಕೆ ಅಂತ ಒಣಗಲು ಇಟ್ಟ ಸೌದೆ. ಹೊಗೆ ಹಿಡಿದರೆ ಬೀಜಕ್ಕೆ ಹುಳ ಹತ್ತುವುದಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ನಿಜವೇ. ಹುಳುವನ್ನೇ ಓಡಿಸುವ ಹೊಗೆ ನಮ್ಮ ಎದೆಗೂಡಿಗೆ ಹಿತವಾಗಿರಲಿಕ್ಕಿಲ್ಲ ಅಂತ ಮಾತ್ರ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಉಬ್ಬಸ ಬಂದದ್ದು ಅಜ್ಜಿಗೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಕೆಮ್ಮು. ಡಾಕ್ಟರು ಪರೀಕ್ಷೆ ಮಾಡಿ, “ಬೀಡಿ ಸೇದ್ತಿದ್ರಾ ಅಜ್ಜಿ?” ಅಂತ ಕೇಳಿದರು. ಅಜ್ಜಿಗೆ ಎಂಥಾ ಸಿಟ್ಟು! “ಜನ್ಮದಲ್ಲೇ ಬೀಡಿ ಮುಟ್ಟಿದವಳಲ್ಲ” ಅಂದರು. ಡಾಕ್ಟರು ನಕ್ಕು, “ಹಾಗಾದ್ರೆ ಸೌದೆ ಒಲೆ ಇರ್ಬೇಕು” ಅಂದರು. ಕಾಯಿಲೆಯ ಹೆಸರು ಸಿಒಪಿಡಿ. ಶ್ವಾಸನಾಳಗಳು ಕಿರಿದಾಗಿ, ಗಾಳಿಗೂಡುಗಳು ಹಾಳಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರದ ಕಾಯಿಲೆ. ಸಿಗರೇಟು ಸೇದುವವರ ರೋಗ ಅಂತಲೇ ಹೆಸರಾದರೂ, ಹಳ್ಳಿಗಳಲ್ಲಿ ಎಂದೂ ಸೇದದ ಹೆಂಗಸರಿಗೆ ಒಲೆಯ ಹೊಗೆಯಿಂದಲೇ ಇದು ಬರುತ್ತದೆ.

ಮೂವತ್ತು ವರ್ಷ ಧೂಳು ಕುಡಿದ ಅಪ್ಪನ ಶ್ವಾಸಕೋಶ ಬಹುಮಟ್ಟಿಗೆ ಚೆನ್ನಾಗಿದೆ. ಧೂಳನ್ನೇ ನೋಡದ ಅಜ್ಜಿಯದು ಹಾಳಾಯಿತು. ಇದು ಹೇಗೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರದ ದೊಡ್ಡ ಪಾಲು ಒಂದೇ ಮಾತಿನಲ್ಲಿದೆ: ಗಾತ್ರ.

ಮೆಣಸಿನ ಕಾಳಿನ ಲೆಕ್ಕ

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನ್. ಆ ಮೈಕ್ರಾನನ್ನು ಮತ್ತೆ ಸಾವಿರ ಪಾಲು ಮಾಡಿದರೆ ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನ ಚೂರುಗಳಿಗೆ ನ್ಯಾನೋ ಕಣ ಅನ್ನುತ್ತಾರೆ. ಸುದ್ದಿಯಲ್ಲಿ ಬರುವ ಪಿಎಂ 10, ಪಿಎಂ 2.5 ಅನ್ನುವುದೂ ಗಾತ್ರದ ಲೆಕ್ಕವೇ. 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು, 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು, ಅಷ್ಟೇ.

ಅಂಕಿಗಳಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಹೀಗೆ ಮಾಡೋಣ. 100 ನ್ಯಾನೋಮೀಟರಿನ ಒಂದು ಕಣವನ್ನು ಒಣಗಿದ ಕರಿಮೆಣಸಿನ ಕಾಳಿನಷ್ಟು ದೊಡ್ಡದು ಮಾಡೋಣ. ಅದೇ ಲೆಕ್ಕದಲ್ಲಿ 2.5 ಮೈಕ್ರಾನಿನ ಕಣ ಸುಲಿದ ತೆಂಗಿನಕಾಯಿಯಷ್ಟಾಗುತ್ತದೆ. 10 ಮೈಕ್ರಾನಿನದು ಬಲಿತ ಹಲಸಿನ ಹಣ್ಣು. ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದುಕೊಂಡರೆ, ಅದು ಮೂರೂವರೆ ಮೀಟರ್ ದಪ್ಪದ ಮರ. ಇಂಥ ಮರ ದೇವರಕಾಡಿನಲ್ಲೂ ಸಿಗುವುದು ಕಷ್ಟ.

ಕಣದಲ್ಲಿ ಏಳುವ, ಕಣ್ಣಿಗೆ ಕಾಣುವ ಧೂಳಿನ ಹೆಚ್ಚು ಪಾಲು ಹಲಸಿನ ಹಣ್ಣು, ಮರದ ದಿಮ್ಮಿಯ ಸೈಜಿನದು. ಸೌದೆಯ ಹೊಗೆ, ಡೀಸೆಲ್ ಹೊಗೆ, ಊದುಬತ್ತಿಯ ಹೊಗೆಯಲ್ಲಿ ಇರುವುದು ತೆಂಗಿನಕಾಯಿಗಿಂತ ಚಿಕ್ಕವು, ಮೆಣಸಿನ ಕಾಳು, ಸಾಸಿವೆ. ಹೊಗೆ ನಮಗೆ ಕಾಣುತ್ತದಲ್ಲ ಅಂತ ನೀವು ಕೇಳಬಹುದು. ಕೋಟಿಗಟ್ಟಲೆ ಕಣ ಒಟ್ಟಿಗೆ ಬೆಳಕನ್ನು ಚದುರಿಸಿದಾಗ ಮೋಡದ ಹಾಗೆ ಕಾಣುತ್ತದೆ. ಅದರೊಳಗಿನ ಒಂಟಿ ಕಣ ಕಾಣುವುದಿಲ್ಲ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲಿನ ಕೋಲಿನಲ್ಲಿ ತೇಲಾಡುವ ಚುಕ್ಕಿಗಳನ್ನು ಮಕ್ಕಳಾಗಿದ್ದಾಗ ಹಿಡಿಯಲು ಹೋಗುತ್ತಿದ್ದೆವಲ್ಲ, ಅವು ಅಷ್ಟೂ ದೊಡ್ಡವು. ಅಪಾಯದವು ಆ ಚುಕ್ಕಿಗಳ ನಡುವಿನ, ಖಾಲಿ ಅಂತ ನಾವು ಅಂದುಕೊಂಡ ಜಾಗದಲ್ಲಿದ್ದವು.

ಎದೆಯೊಳಗಿನ ಘಾಟಿ ರಸ್ತೆ

ಮೂಗಿನಿಂದ ಶ್ವಾಸಕೋಶದ ತುದಿಯವರೆಗಿನ ದಾರಿ ಸಂಪಾಜೆ ಘಾಟಿಯ ಹಾಗೆ. ಬರೀ ತಿರುವು. ಸಾಲದ್ದಕ್ಕೆ ದಾರಿ ಕವಲೊಡೆಯುತ್ತಾ ಹೋಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ. ಕೊನೆಯಲ್ಲಿ ಸಿಗುವುದು ಗಾಳಿಗೂಡುಗಳು. 30ರಿಂದ 50 ಕೋಟಿ ಇವೆ. ಎಲ್ಲವನ್ನೂ ಬಿಡಿಸಿ ಹರವಿದರೆ ಹೆಚ್ಚುಕಡಿಮೆ ಒಂದು ಷಟಲ್ ಕೋರ್ಟಿನಷ್ಟು ಜಾಗ ಬೇಕು. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನ್ ಕೂಡ ದಪ್ಪ ಇಲ್ಲ. ಇರಲೂಬಾರದು. ದಪ್ಪ ಇದ್ದರೆ ಆಮ್ಲಜನಕ ದಾಟುವುದು ಹೇಗೆ?

ಈ ಘಾಟಿಯಲ್ಲಿ ಕಣಗಳು ಮೂರು ರೀತಿಯಲ್ಲಿ ಸಿಕ್ಕಿಬೀಳುತ್ತವೆ. ಲೋಡ್ ಲಾರಿ ವೇಗವಾಗಿ ಬಂದು ತಿರುವಿನಲ್ಲಿ ತಿರುಗಲಾರದೆ ರಸ್ತೆ ಬದಿಯ ಬರೆಗೆ ಗುದ್ದುವುದನ್ನು ನೋಡಿದ್ದೀರಲ್ಲ? ದಪ್ಪ ಕಣಗಳ ಕಥೆ ಅದೇ. ಗಾಳಿ ತಿರುಗುತ್ತದೆ, ಕಣ ತಿರುಗುವುದಿಲ್ಲ. ಮೂಗಿನ ಕೂದಲಿಗೆ, ಗಂಟಲಿನ ಹಿಂಭಾಗಕ್ಕೆ, ದೊಡ್ಡ ಶ್ವಾಸನಾಳದ ಕವಲಿಗೆ ಹೋಗಿ ಬಡಿಯುತ್ತದೆ. ಅಲ್ಲಿ ಅಂಟಾದ ಕಫ ಕಾದಿರುತ್ತದೆ. ಕಫದ ಕೆಳಗೆ ಕಣ್ರೆಪ್ಪೆಯಂಥ ಸಣ್ಣ ಕೂದಲುಗಳು ಒಂದೇ ದಿಕ್ಕಿಗೆ ಬೀಸುತ್ತಾ, ಕಸವನ್ನು ಗಂಟಲಿನ ಕಡೆ ಮೇಲಕ್ಕೆ ತಳ್ಳುತ್ತವೆ. ಹೆಚ್ಚು ಕಡಿಮೆ ಒಂದು ದಿನದೊಳಗೆ ಕೆಲಸ ಮುಗಿಯುತ್ತದೆ. ಅಪ್ಪನ ಸೀನು, ಸಂಜೆ ಟವೆಲ್ಲಿನಲ್ಲಿ ಕಾಣುವ ಕಂದು ಬಣ್ಣ, ಎಲ್ಲ ಈ ಕಾವಲು ಕೆಲಸ ಮಾಡಿದ ಗುರುತು. ಕಣ್ಣಿಗೆ ಕಾಣುವ ಧೂಳು ಒಂಥರಾ ಮರ್ಯಾದಸ್ಥ. ಬಾಗಿಲು ತಟ್ಟಿ ಬರುತ್ತದೆ.

ಎರಡನೆಯದು, ತಳ ಸೇರುವುದು. ಕಾಫಿಯ ಚರಟ ಲೋಟದ ಅಡಿಗೆ ಇಳಿಯುವಂತೆ. ಕೆಲವು ಮೈಕ್ರಾನಿನ ಕಣಗಳು ಒಳಗಿನ ಸಣ್ಣ ನಾಳಗಳಲ್ಲಿ, ಗಾಳಿ ನಿಧಾನವಾದಾಗ ಇಳಿದು ಕೂರುತ್ತವೆ.

ಮೂರನೆಯದು ನ್ಯಾನೋ ಕಣಗಳದ್ದು. ಇವು ಎಷ್ಟು ಹಗುರ ಅಂದರೆ ಗಾಳಿಯ ಅಣುಗಳೇ ಇವನ್ನು ಆ ಕಡೆ ಈ ಕಡೆ ನೂಕುತ್ತವೆ. ಜಾತ್ರೆಯ ಗುಂಪಿನಲ್ಲಿ ಕೈತಪ್ಪಿದ ಮಗು ನೂಕುನುಗ್ಗಲಿನಲ್ಲಿ ಎಲ್ಲೋ ಒಂದು ಅಂಗಡಿಯ ಕಟ್ಟೆಗೆ ಹೋಗಿ ಸೇರುತ್ತದಲ್ಲ, ಹಾಗೆ ಇವು ಗಾಳಿಗೂಡಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತವೆ.

ಮಧ್ಯದ ಗಾತ್ರವೊಂದಿದೆ, ಸುಮಾರು 0.3 ಮೈಕ್ರಾನ್. ತಿರುವಿನಲ್ಲಿ ಗುದ್ದುವಷ್ಟು ಭಾರವೂ ಇಲ್ಲ, ಅಣುಗಳ ನೂಕಾಟಕ್ಕೆ ಸಿಗುವಷ್ಟು ಹಗುರವೂ ಅಲ್ಲ. ಇವುಗಳಲ್ಲಿ ಬಹಳಷ್ಟು ಉಸಿರಿನ ಜೊತೆ ಹೋಗಿ ಉಸಿರಿನ ಜೊತೆಗೇ ವಾಪಸ್ ಬರುತ್ತವೆ. ಹಿಡಿಯಲು ಅತಿ ಕಷ್ಟವಾದ ಗಾತ್ರ ಇದೇ ಆದ್ದರಿಂದ ಎನ್-95 ಮಾಸ್ಕನ್ನು ಇದೇ ಗಾತ್ರದ ಕಣಗಳಿಂದ ಪರೀಕ್ಷೆ ಮಾಡುತ್ತಾರೆ, ಶೇ 95ರಷ್ಟನ್ನಾದರೂ ಅದು ತಡೆಯಬೇಕು. ಇದಕ್ಕಿಂತ ಸಣ್ಣವು ಮಾಸ್ಕಿನಲ್ಲಿ ತೂರಿಹೋಗುತ್ತವೆ ಅಂತ ವಾಟ್ಸಾಪ್ ತುಂಬ ಹರಿದಾಡಿತ್ತು. ಸುಮ್ನೆ ಮಾತು. ಸಣ್ಣವು ಮಾಸ್ಕಿನ ಎಳೆಗಳಿಗೆ ಇನ್ನೂ ಸುಲಭವಾಗಿ ಅಂಟಿಕೊಳ್ಳುತ್ತವೆ. ಜಾತ್ರೆಯ ಮಗು ನೆನಪಿದೆಯಲ್ಲ?

ಇನ್ನೊಂದು ಮಾತು. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತೇವೆ. ಕಾಫಿ ಮೂಟೆ ಹೊತ್ತು ಲಾರಿ ಹತ್ತಿಸುವಾಗ ಅದು ನಲವತ್ತು ಲೀಟರ್ ದಾಟಬಹುದು. ಅದೂ ಬಾಯಿಂದ. ಮೂಗಿನ ಕಾವಲು ಪೂರ್ತಿ ತಪ್ಪಿಹೋಗುತ್ತದೆ. ಒಂದೇ ಶೆಡ್ಡಿನಲ್ಲಿ ನಿಂತು ಲೆಕ್ಕ ಬರೆಯುವವರಿಗೂ ಮೂಟೆ ಹೊರುವವರಿಗೂ ಒಂದೇ ಗಾಳಿ ಇರಬಹುದು, ಒಳಗೆ ಹೋಗುವ ಪ್ರಮಾಣ ಒಂದೇ ಅಲ್ಲ.

ಬೀಜಕ್ಕೂ ಪುಡಿಗೂ ಇರುವ ವ್ಯತ್ಯಾಸ

ಗಾಳಿಗೂಡಿನಲ್ಲಿ ಕಫ ಇಲ್ಲ, ಬೀಸುವ ಕೂದಲೂ ಇಲ್ಲ. ಅಲ್ಲಿ ಕಾವಲಿಗೆ ಇರುವುದು ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳು. ಓಡಾಡಿಕೊಂಡು, ಸಿಕ್ಕ ಕಸವನ್ನು ನುಂಗುವುದೇ ಇವುಗಳ ಕೆಲಸ. ಒಂದೆರಡು ಮೈಕ್ರಾನಿನ ಚೂರು ಸಿಕ್ಕರೆ ಚೆನ್ನಾಗಿ ನುಂಗುತ್ತವೆ. ತೀರಾ ಸಣ್ಣ ನ್ಯಾನೋ ಕಣಗಳು ಎಷ್ಟೋ ಸಲ ಇವುಗಳ ಗಮನಕ್ಕೇ ಬರುವುದಿಲ್ಲ. ತೀರಾ ಉದ್ದದ ನಾರು ಬಂದರೆ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿ, ತಮ್ಮೊಳಗಿನ ಖಾರದ ರಾಸಾಯನಿಕಗಳನ್ನು ಅಲ್ಲೇ ಚೆಲ್ಲಿಬಿಡುತ್ತವೆ. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇಷ್ಟು ಅಪಾಯ ಯಾಕೆ ಅನ್ನುವುದಕ್ಕೆ ಇದೊಂದು ದೊಡ್ಡ ಕಾರಣ. ಇಲ್ಲಿ ಕೂತ ಕಸ ಹೊರಹೋಗಲು ತಿಂಗಳುಗಳೇ ಬೇಕು. ಕೆಲವು ಹೋಗುವುದೇ ಇಲ್ಲ.

ಸಣ್ಣದಾದಷ್ಟೂ ಯಾಕೆ ಜಾಸ್ತಿ ತೊಂದರೆ ಅಂತ ಕೊಡಗಿನವರಿಗೆ ವಿವರಿಸುವುದು ಸುಲಭ. ಹುರಿದ ಕಾಫಿ ಬೀಜವನ್ನು ಇಡಿಯಾಗಿ ಬಿಸಿನೀರಿಗೆ ಹಾಕಿ. ಡಿಕಾಕ್ಷನ್ ಇಳಿಯುತ್ತದೆಯೇ? ಅದೇ ಬೀಜವನ್ನು ಪುಡಿ ಮಾಡಿ ಹಾಕಿ. ಬೀಜ ಅದೇ, ತೂಕ ಅದೇ. ನೀರಿಗೆ ತಾಗುವ ಮೈ ಮಾತ್ರ ಎಷ್ಟೋ ಪಟ್ಟು ಹೆಚ್ಚು. ಒಂದು ಸೆಂಟಿಮೀಟರಿನ ಘನವನ್ನು 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ, 6 ಚದರ ಸೆಂಟಿಮೀಟರ್ ಇದ್ದ ಮೈ 600 ಚದರ ಮೀಟರ್ ಆಗುತ್ತದೆ. ಹದಿನಾಲ್ಕು ಸೆಂಟು ಸೈಟಿಗಿಂತ ದೊಡ್ಡದಾಗುವ ಒಂದು ಕಲ್ಲುಸಕ್ಕರೆ ಹರಳು ಅಂದುಕೊಳ್ಳಿ. ಈ ಮೈಯ ಮೇಲೆಯೇ ಲೋಹದ ಅಂಶ, ಟಾರು, ಹೊಗೆಯ ರಾಸಾಯನಿಕಗಳು ಹತ್ತಿ ಕೂತಿರುತ್ತವೆ. ಗಾಳಿಗೂಡಿನ ತೇವಕ್ಕೆ ತಾಗಿದ ಕೂಡಲೇ ಡಿಕಾಕ್ಷನ್ ಇಳಿಯಲು ಶುರು.

ಎಣಿಕೆಯೂ ಅಷ್ಟೇ. 2.5 ಮೈಕ್ರಾನಿನ ಒಂದು ಕಣದ ತೂಕಕ್ಕೆ 20 ನ್ಯಾನೋಮೀಟರಿನ ಸುಮಾರು 20 ಲಕ್ಷ ಕಣಗಳು ಬೇಕು. ಗಾಳಿ ಅಳೆಯುವ ಕೇಂದ್ರಗಳು ಹೇಳುವುದು ತೂಕವನ್ನು, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಅಂತ. ಹಾಗಾಗಿ ನ್ಯಾನೋ ಕಣಗಳು ಆ ಅಂಕಿಯಲ್ಲಿ ಕಾಣಿಸುವುದೇ ಕಡಿಮೆ. ಲಾರಿ ತೂಕದ ಸೇತುವೆಯ ಮೇಲೆ ಸೊಳ್ಳೆ ಎಣಿಸಿದ ಹಾಗೆ.

ಕಾವಲು ಕೋಶಗಳು ಗಾಬರಿಯಾಗಿ ರಾಸಾಯನಿಕ ಸಂದೇಶ ಕಳಿಸುತ್ತವೆ. ಆ ಜಾಗ ಊದಿಕೊಳ್ಳುತ್ತದೆ. ಇದು ಒಂದು ದಿನದ ಮಾತಾದರೆ ಸುಧಾರಿಸುತ್ತದೆ. ದಿನಾ ನಡೆದರೆ ಗಾಳಿಗೂಡಿನ ಗೋಡೆ ಹರಿಯುತ್ತದೆ, ನಾಳಗಳಲ್ಲಿ ಗಾಯದ ಕಲೆ ಕಟ್ಟುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಊತದ ಸಂದೇಶಗಳು ರಕ್ತಕ್ಕೂ ಸೇರಿ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತವೆ. ರಕ್ತನಾಳದಲ್ಲಿ ಕಟ್ಟಿದ್ದ ಕೊಬ್ಬು ಸಡಿಲವಾಗುತ್ತದೆ. ಹೊಗೆ ಅಂದರೆ ಶ್ವಾಸಕೋಶದ ಕಾಯಿಲೆ ಅಂತ ನಾವು ಅಂದುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬೇರೆಯೇ ಹೇಳುತ್ತದೆ. 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಸತ್ತವರು 42 ಲಕ್ಷ. ಅವರಲ್ಲಿ ಶೇ 68ರಷ್ಟು ಮಂದಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಕಾಯಿಲೆಯಿಂದ ಹೋದವರು. ಶ್ವಾಸಕೋಶದ ಕ್ಯಾನ್ಸರಿನ ಪಾಲು ಶೇ 4. ಎದೆ ಹಿಡಿದುಕೊಂಡು ಕುಸಿದವರ ಮನೆಯಲ್ಲಿ ಯಾರೂ ‘ಗಾಳಿ ಕೆಟ್ಟಿತ್ತು’ ಅನ್ನುವುದಿಲ್ಲ. ಬಿಪಿ ಇತ್ತು ಅನ್ನುತ್ತಾರೆ.

ಉಸಿರಾಡಿದ ಚಿನ್ನ

ಕಣಗಳೇ ರಕ್ತಕ್ಕೆ ದಾಟುತ್ತವೆಯೇ ಅನ್ನುವುದು ಬಹಳ ಕಾಲ ಜಗಳದ ವಿಷಯವಾಗಿತ್ತು. ಮಸಿ ಕಣವನ್ನು ರಕ್ತದಲ್ಲಿ ಹುಡುಕುವುದು ಕಷ್ಟ. ನಮ್ಮ ದೇಹವೇ ಇಂಗಾಲದಿಂದ ಆದದ್ದು, ಇಂಗಾಲದೊಳಗೆ ಇಂಗಾಲವನ್ನು ಗುರುತಿಸುವುದು ಹೇಗೆ? ಸ್ಕಾಟ್ಲೆಂಡಿನ ಎಡಿನ್‌ಬರೋದ ಸಂಶೋಧಕರು ಒಂದು ಉಪಾಯ ಮಾಡಿದರು. ಆರೋಗ್ಯವಂತ ಸ್ವಯಂಸೇವಕರಿಗೆ ಚಿನ್ನದ ನ್ಯಾನೋ ಕಣಗಳನ್ನು ಉಸಿರಾಡಲು ಕೊಟ್ಟರು. ಚಿನ್ನ ಯಾರ ತಂಟೆಗೂ ಹೋಗದ ಲೋಹ, ದೇಹದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಲ್ಲಿ ಸಿಕ್ಕರೂ ಗುರುತು ಹಿಡಿಯಬಹುದು. ಕೆಲವರ ರಕ್ತದಲ್ಲಿ 15 ನಿಮಿಷಕ್ಕೇ ಚಿನ್ನ ಕಂಡಿತು. ಮೂರು ತಿಂಗಳ ನಂತರವೂ ಮೂತ್ರದಲ್ಲಿ ಸಿಗುತ್ತಿತ್ತು. ಕಣ ಸಣ್ಣದಾದಷ್ಟೂ ದಾಟಿದ್ದು ಹೆಚ್ಚು. ಕುತ್ತಿಗೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಆಪರೇಷನ್ನಿಗೆ ಬಂದಿದ್ದ ರೋಗಿಗಳಲ್ಲಿ, ಆ ಕೊಬ್ಬಿನ ಗಡ್ಡೆಯಲ್ಲೇ ಚಿನ್ನ ಹೋಗಿ ಕೂತಿತ್ತು. ಇದು 2017ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಚಂದದ ಪ್ರಯೋಗ ಇನ್ನೊಂದಿಲ್ಲ.

2019ರಲ್ಲಿ ಬೆಲ್ಜಿಯಂನವರು ಬಸುರಿಯರ ಮಾಸಿನಲ್ಲಿ, ಮಗುವಿನ ಕಡೆಯ ಭಾಗದಲ್ಲೇ ಮಸಿ ಕಣಗಳನ್ನು ತೋರಿಸಿದರು. ಬಾಣಂತಿ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಹಾಕುವ ನಮ್ಮ ಪದ್ಧತಿ ನೆನಪಾಗಿ ನನಗೆ ಕಸಿವಿಸಿಯಾಯಿತು.

ನ್ಯಾನೋ ಅಂದ ಕೂಡಲೇ ಹೊಸ ಭೂತ ಅಂದುಕೊಳ್ಳಬೇಡಿ. ಮನುಷ್ಯ ಬೆಂಕಿ ಹಚ್ಚಿದ ದಿನದಿಂದಲೂ ನ್ಯಾನೋ ಕಣ ಉಸಿರಾಡುತ್ತಿದ್ದಾನೆ. ಈಗ ಬೇಕಂತಲೇ ತಯಾರಿಸಿದವೂ ಇವೆ, ಅಷ್ಟೇ. 2021ರಲ್ಲಿ ನ್ಯಾನೋ ಯೂರಿಯಾ ಬಾಟಲಿ ಬಂದಾಗ ನಮ್ಮಲ್ಲಿ ಕೆಲವರು ಮುಟ್ಟಲೂ ಹೆದರಿದರು. ದ್ರವದಲ್ಲಿ, ಪೇಂಟಿನಲ್ಲಿ, ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವ ನ್ಯಾನೋ ಕಣ ಹಾರಿಬಂದು ಮೂಗಿಗೆ ಹೊಕ್ಕುವುದಿಲ್ಲ. ಅದನ್ನು ಸ್ಪ್ರೇ ಮಾಡಿದಾಗ, ಒಣಗಿದ್ದನ್ನು ಉಜ್ಜಿದಾಗ, ಪುಡಿಯಾಗಿ ಸುರಿದಾಗ ಜಾಗ್ರತೆ ಬೇಕು. ಕಾರ್ಬನ್ ನ್ಯಾನೋಟ್ಯೂಬ್ ಅನ್ನುವ ಸೂಜಿಯಂಥ ನಾರುಗಳಲ್ಲಿ ಉದ್ದನೆಯವು ಇಲಿಗಳಲ್ಲಿ ಕಲ್ನಾರಿನಂಥದ್ದೇ ಊತ ಉಂಟುಮಾಡಿದವು ಅಂತ 2008ರಲ್ಲಿ ತಿಳಿಯಿತು. ಅದು ಕಾರ್ಖಾನೆ, ಪ್ರಯೋಗಾಲಯದವರ ತಲೆನೋವು. ಕೊಡಗಿನವರಿಗೆ ಸದ್ಯಕ್ಕೆ ಒಲೆಯೇ ದೊಡ್ಡ ನ್ಯಾನೋ ಕಾರ್ಖಾನೆ.

ಹಸಿರಿದ್ದರೆ ಗಾಳಿ ಶುದ್ಧ?

ಬೆಂಗಳೂರಿನಿಂದ ಬಂದ ನೆಂಟರು ಕಾರಿನಿಂದ ಇಳಿದು ಎದೆ ತುಂಬ ಉಸಿರೆಳೆದು “ಆಹಾ, ಏನು ಗಾಳಿ” ಅನ್ನುತ್ತಾರೆ. ತಪ್ಪೇನಿಲ್ಲ. ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ಗಾಳಿ ಅಳೆಯುವ ಕೇಂದ್ರ ಇದೆ, ಅದರ ಅಂಕಿಗಳನ್ನು ಮೊಬೈಲಿನಲ್ಲೇ ನೋಡಬಹುದು. ಆದರೆ ಅದು ಅಳೆಯುವುದು ಗುಡ್ಡದ ಮೇಲಿನ ಗಾಳಿಯನ್ನು, ನಿಮ್ಮ ಅಡುಗೆಮನೆಯ ಗಾಳಿಯನ್ನಲ್ಲ. ಅಂಕಿ ನೋಡುವಾಗ ಇನ್ನೊಂದು ವಿಷಯ ಗೊತ್ತಿರಲಿ. ಪಿಎಂ 2.5ಕ್ಕೆ ಭಾರತದ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಎಂಟು ಪಟ್ಟು ವ್ಯತ್ಯಾಸ! ನಮ್ಮ ಪಟ್ಟಿಯಲ್ಲಿ ಪಾಸಾದ ಗಾಳಿ ಅವರ ಪಟ್ಟಿಯಲ್ಲಿ ಫೇಲ್ ಆಗಬಹುದು. ಇಷ್ಟರ ಕೆಳಗೆ ಏನೂ ಆಗುವುದಿಲ್ಲ ಅನ್ನುವ ಗೆರೆ ಇದುವರೆಗೆ ಸಿಕ್ಕಿಲ್ಲ.

ಕೊಡಗಿನ ವಿಚಿತ್ರ ಏನಂದರೆ, ಹೊರಗಿನ ಗಾಳಿ ವರ್ಷದಲ್ಲೇ ಅತಿ ಶುದ್ಧವಾಗಿರುವ ತಿಂಗಳುಗಳಲ್ಲಿ ಮನೆಯೊಳಗಿನ ಗಾಳಿ ಅತಿ ಕೆಟ್ಟದಾಗಿರುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಮಳೆ ಆಕಾಶವನ್ನು ತೊಳೆದುಬಿಡುತ್ತದೆ. ನಾವು ಚಳಿಗೆ ಕಿಟಕಿ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತೇವೆ. ಒಲೆ ಆರುವುದೇ ಇಲ್ಲ. ಬಚ್ಚಲ ಹಂಡೆ, ಮೈ ಕಾಯಿಸಲು ಕೆಂಡ, ಒಲೆಯ ಮೇಲಿನ ಹಗ್ಗಕ್ಕೆ ಒದ್ದೆ ಬಟ್ಟೆ. ಸೌದೆಯೂ ಹಸಿ. ಹಸಿ ಸೌದೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಗಾಳಿಯಾಡದ ಅಡುಗೆಮನೆಯ ಹೊಗೆಯಲ್ಲಿ ಸೂಕ್ಷ್ಮ ಕಣಗಳು ಇರಬೇಕಾದ್ದಕ್ಕಿಂತ ನೂರು ಪಟ್ಟು ತನಕ ಹೋಗಬಹುದು. ಜಗತ್ತಿನಲ್ಲಿ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಸತ್ತವರು 32 ಲಕ್ಷ ಅಂತ ಅಂದಾಜು.

ಅದರ ಮೇಲೆ ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಪಿಎಂ 2.5, 75ರಿಂದ 137 ಸಿಗರೇಟು ಉರಿದಷ್ಟು ಅಂತ 2003ರ ಒಂದು ಅಧ್ಯಯನ ಹೇಳಿತ್ತು. ಸೇದುವವನು ಹೊಗೆಯನ್ನು ನೇರ ಒಳಗೆ ಎಳೆಯುತ್ತಾನೆ, ಬತ್ತಿಯದು ಕೋಣೆಗೆ ಹರಡುತ್ತದೆ, ಆದ್ದರಿಂದ ಎರಡೂ ಒಂದೇ ಅಲ್ಲ. ಆದರೂ ಮಗು ಮಲಗಿದ ಕೋಣೆಯಲ್ಲಿ ರಾತ್ರಿಯಿಡೀ ಹಚ್ಚುವ ಮುಂಚೆ ಸೊಳ್ಳೆ ಪರದೆ ನೆನಪಾಗಲಿ.

ಚಳಿಗಾಲದ್ದು ಬೇರೆ ಆಟ. ಡಿಸೆಂಬರ್ ಬೆಳಿಗ್ಗೆ ಗುಡ್ಡದ ಮೇಲೆ ನಿಂತು ಕಣಿವೆ ನೋಡಿ. ತೋಟದ ಕೆಲಸಗಾರರ ಲೈನ್ ಮನೆಗಳ ಹೊಗೆ ಸ್ವಲ್ಪ ಮೇಲೇರಿ, ಅಲ್ಲೇ ಹಾಲಿನ ಕೆನೆಯ ಹಾಗೆ ಅಡ್ಡಲಾಗಿ ಹರಡಿ ನಿಂತಿರುತ್ತದೆ. ರಾತ್ರಿ ನೆಲ ತಣ್ಣಗಾಗಿ, ತಣ್ಣನೆ ಭಾರದ ಗಾಳಿ ಕಣಿವೆಗೆ ಇಳಿದಿರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಬಿಸಿಲು ಏರುವ ತನಕ ಮುಚ್ಚಳ ತೆಗೆಯುವುದಿಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಇಂಥದೇ ಮುಚ್ಚಳ ಕೂತಿತ್ತು. ಕಲ್ಲಿದ್ದಲ ಹೊಗೆಗೆ ಆಗ ಸುಮಾರು 4,000 ಜನ ಸತ್ತರು, ನಂತರದ ಅಂದಾಜು 12,000. ನಮ್ಮ ಕಣಿವೆಯ ಹೊಗೆ ಅದರ ಹತ್ತಿರಕ್ಕೂ ಬರುವುದಿಲ್ಲ. ಯಂತ್ರ ಮಾತ್ರ ಅದೇ. ಮಂಜಿಗೆ ಹೆದರಬೇಕಾಗಿಲ್ಲ, ಅದು ನೀರು. ಹೊಗೆ ಬೆರೆತ ಮಂಜಿನಲ್ಲಿ ಉಬ್ಬಸದವರು ವಾಕಿಂಗ್ ಹೋಗುವುದನ್ನು ಎಂಟು ಗಂಟೆಯ ಮೇಲಕ್ಕೆ ಇಟ್ಟುಕೊಂಡರೆ ಒಳ್ಳೆಯದು.

ರಜಾ ದಿನಗಳಲ್ಲಿ ಕುಶಾಲನಗರದಿಂದ ಮಡಿಕೇರಿಯ ತನಕ ಸಾಲುಗಟ್ಟುವ ವಾಹನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏರು ರಸ್ತೆಯಲ್ಲಿ ಫಸ್ಟ್ ಗೇರಿನ ಡೀಸೆಲ್ ಗಾಡಿ ಉಗುಳುವುದು ಬಹುಪಾಲು 100 ನ್ಯಾನೋಮೀಟರಿಗಿಂತ ಸಣ್ಣ ಮಸಿ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಅಂತ 2012ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ಹೇಳಿದೆ. ಸಮಾಧಾನದ ವಿಷಯ ಒಂದೇ. ರಸ್ತೆಯಿಂದ ಇನ್ನೂರು ಮುನ್ನೂರು ಮೀಟರ್ ಒಳಗೆ ಹೋದರೆ ಈ ಕಣಗಳ ಎಣಿಕೆ ಬಹಳ ಇಳಿಯುತ್ತದೆ.

ದೊಡ್ಡ ಧೂಳಿಗೂ ಒಂದು ಮಾತು

ಹಾಗಂತ ಕಣ್ಣಿಗೆ ಕಾಣುವ ಧೂಳು ಪಾಪದ್ದು ಅಂತ ಬರೆದರೆ ತಪ್ಪಾಗುತ್ತದೆ. ಗಾತ್ರದ ಜೊತೆಗೆ ಅದು ಯಾವುದರ ಧೂಳು ಅನ್ನುವುದೂ ಮುಖ್ಯ. ಹುರಿಯದ ಹಸಿರು ಕಾಫಿ ಬೀಜದ ಧೂಳಿನಲ್ಲಿ ಅಲರ್ಜಿ ತರುವ ಪ್ರೋಟೀನ್ ಇದೆ. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಸಿಪ್ಪೆ ಬಿಡಿಸುವ ಹಲ್ಲರ್ ಮಿಷಿನ್ ಪಕ್ಕದಲ್ಲಿ ಕೆಲಸ ಮಾಡುವ ಕೆಲವರಿಗೆ ಇದರಿಂದಲೇ ಅಸ್ತಮಾ ಬರುತ್ತದೆ. ಕೆಲಸಕ್ಕೆ ಹೋದ ದಿನ ಕೆಮ್ಮು, ಭಾನುವಾರ ಆರಾಮ ಅನ್ನುವಂತಿದ್ದರೆ ಅನುಮಾನ ಪಡಬೇಕು. ಬೀಜ ಹುರಿದ ಮೇಲೆ ಈ ಅಲರ್ಜಿಯ ಗುಣ ಬಹಳ ಕಡಿಮೆಯಾಗುತ್ತದೆ. ಅಪ್ಪನ ಸೀನಿಗೂ ಇದೇ ಕಾರಣ ಇರಬಹುದು, ಪರೀಕ್ಷೆ ಮಾಡಿಸಿಕೊಳ್ಳಲು ಅವರು ಒಪ್ಪಬೇಕಲ್ಲ!

ಗ್ರಾನೈಟ್, ಟೈಲ್ಸ್ ಕತ್ತರಿಸುವ ಧೂಳು ನಿಜಕ್ಕೂ ಕೆಟ್ಟದ್ದು. ಹೋಂಸ್ಟೇಗಳು ಎದ್ದ ಮೇಲೆ ಊರೂರಲ್ಲೂ ಈ ಕಟರ್ ಸದ್ದು. ಈ ಬಿಳಿ ಧೂಳಿನ ಸಣ್ಣ ಪಾಲಿನಲ್ಲಿರುವ ಸಿಲಿಕಾ ಗಾಳಿಗೂಡಿಗೆ ಹೋದರೆ, ನುಂಗಿದ ಕಾವಲು ಕೋಶವನ್ನೇ ಕೊಲ್ಲುತ್ತದೆ. ವರ್ಷಗಳ ನಂತರ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧಿ ಇಲ್ಲ. ಬ್ಲೇಡಿಗೆ ನೀರು ಹನಿಸಿಕೊಂಡು ಕತ್ತರಿಸಿದರೆ ಧೂಳು ಏಳುವುದು ತುಂಬ ಕಡಿಮೆ. ಒಂದು ಪೈಪು, ಒಂದು ಬಕೆಟ್ ನೀರು. ಇಷ್ಟಕ್ಕೆ ಮೇಸ್ತ್ರಿಗಳು ‘ನೆಲ ರಾಡಿಯಾಗ್ತದೆ’ ಅನ್ನುತ್ತಾರೆ.

ಇನ್ನು ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗಕ್ಕೆ ಹೆದರಿ ಮಳೆ ಹಿಡಿಯುವ ಮುಂಚೆ ಎಲ್ಲರೂ ಹೊಡೆಯುತ್ತೇವೆ. ಹೊಡೆಯುವವರ ಅಂಗಿ, ಹುಬ್ಬು ಎಲ್ಲ ನೀಲಿ. ಪೋರ್ಚುಗಲ್ಲಿನಲ್ಲಿ ದ್ರಾಕ್ಷಿ ತೋಟಗಳಿಗೆ ವರ್ಷಗಟ್ಟಲೆ ಇದೇ ದ್ರಾವಣ ಹೊಡೆದವರ ಶ್ವಾಸಕೋಶದಲ್ಲಿ ನೀಲಿ ಕಲೆಗಳು, ಗಂಟುಗಳು, ತಾಮ್ರ ತುಂಬಿದ ಕಾವಲು ಕೋಶಗಳು ಕಂಡವು. 1969ರಲ್ಲಿ ಅಲ್ಲಿನ ವೈದ್ಯರು ಅದಕ್ಕೆ ದ್ರಾಕ್ಷಿ ತೋಟದ ಸ್ಪ್ರೇ ಮಾಡುವವರ ಶ್ವಾಸಕೋಶ ಅಂತಲೇ ಹೆಸರಿಟ್ಟರು. ಮೈಲುತುತ್ತ ಹಳೇ ಕಾಲದ್ದು, ವಿಷವಲ್ಲ ಅಂತ ನಾವು ಮಾತಾಡಿಕೊಳ್ಳುತ್ತೇವೆ. ಹೊಟ್ಟೆಗೆ, ಗಿಡಕ್ಕೆ ಏನಾಗುತ್ತದೆ ಅನ್ನುವುದು ಒಂದು ಮಾತು, ಉಸಿರಿಗೆ ಏನಾಗುತ್ತದೆ ಅನ್ನುವುದು ಇನ್ನೊಂದು. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು, ಮಾಸ್ಕ್ ಹಾಕಬೇಕು.

ಯಾವ ಮಾಸ್ಕ್? ಟವೆಲ್ ಹಲಸಿನ ಹಣ್ಣನ್ನು ತಡೆಯುತ್ತದೆ, ಮೆಣಸಿನ ಕಾಳನ್ನಲ್ಲ. ಒದ್ದೆ ಮಾಡಿಕೊಂಡರೂ ಅಷ್ಟೇ. ಎನ್-95 ತಡೆಯುತ್ತದೆ, ಆದರೆ ಕೆನ್ನೆಗೆ ಸರಿಯಾಗಿ ಅಂಟಿ ಕೂತರೆ ಮಾತ್ರ. ಗಡ್ಡ ಇದ್ದರೆ ಅಂಚಿನಿಂದಲೇ ಗಾಳಿ ನುಗ್ಗುತ್ತದೆ.

ಮಾಸ್ಕ್ ಹಾಕಿಕೊಂಡು ಯಾರೂ ಅಡುಗೆ ಮಾಡುವುದಿಲ್ಲವಾದ್ದರಿಂದ ಒಲೆಯ ವಿಷಯಕ್ಕೇ ಬರಬೇಕು. ಗ್ಯಾಸ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಸೌದೆಯೇ ಆಗಬೇಕಿದ್ದರೆ ಹೊಗೆ ಕೊಳವೆ ಬೇಕು, ಅದು ಮಾಡಿನ ಮೇಲಕ್ಕೆ ಹೋಗಬೇಕು. ಕಿಟಕಿ ಮಟ್ಟಕ್ಕೆ ನಿಂತರೆ ಹೊಗೆ ಪಕ್ಕದ ಮನೆಗೆ ಹೋಗುತ್ತದೆ ಅಷ್ಟೇ. ಸೌದೆಯನ್ನು ಮಾರ್ಚ್‌ನ ಹೂಮಳೆಗೆ ಮುಂಚೆಯೇ ಸೀಳಿ, ಒಣಗಿಸಿ, ಸೂರಿನಡಿ ಪೇರಿಸಿಡಬೇಕು. ಮಕ್ಕಳನ್ನು ಒಲೆ ಮುಂದೆ ಓದಲು ಕೂರಿಸಬಾರದು.

ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಅಜ್ಜಿಯ ಒಲೆಯ ಜಾಗದಲ್ಲಿ ಈಗ ಫ್ರಿಜ್ ಇದೆ. ಆದರೆ ತೋಟದ ಕೆಳಗಿನ ಮೂರು ಲೈನ್ ಮನೆಗಳಲ್ಲಿ ಇನ್ನೂ ಸೌದೆಯೇ. ಒಂದು ಕೋಣೆ, ಒಂದು ಕಿಟಕಿ, ಕೊಳವೆ ಇಲ್ಲ. ಹಗಲಿಡೀ ನಮ್ಮ ಕಣದಲ್ಲಿ ಧೂಳು ಕುಡಿದವರು ಸಂಜೆ ಹೋಗಿ ಉಸಿರಾಡುವುದು ಆ ಹೊಗೆಯನ್ನು. ಇದನ್ನು ಬರೆಯಲು ಓದಿಕೊಳ್ಳುವ ತನಕ ನಾನು ಅದರ ಬಗ್ಗೆ ಯೋಚಿಸಿದ್ದೇ ಇಲ್ಲ, ದಿನಾ ಆ ದಾರಿಯಲ್ಲೇ ಓಡಾಡಿದರೂ. ಹೋದ ವಾರ ಶೀಟಿನವರನ್ನು ಕರೆಸಿ ಮೂರು ಮಾಡಿಗೂ ಅಳತೆ ತೆಗೆಸಿದ್ದೇವೆ. ಕೊಳವೆ ಎಷ್ಟು ಎತ್ತರ ಬೇಕು ಅನ್ನುವುದರ ಮೇಲೆ ಅಪ್ಪನಿಗೂ ನನಗೂ ಇನ್ನೂ ಚರ್ಚೆ ನಡೆದಿದೆ.